ಕಾರವಾರದ ಕ್ಯಾಬಿನ್ ಕ್ರೂಸರ್, ಹುಬ್ಬಳ್ಳಿಯ ಶೆಡ್ಡು: ಒಂದು ಬೋಟಿನ ಸಲಕರಣೆ ಬದಲಾಯಿಸಿದ ಪ್ರಕರಣ

ಬೋಟು 26 ಅಡಿ ಉದ್ದ, ಎಂಟೂವರೆ ಅಡಿ ಅಗಲ. ಫೈಬರ್ ಬಾಡಿ, ಒಳಗೆ ಡೀಸೆಲ್ ಎಂಜಿನ್. ಮುಂದುಗಡೆ ಇಬ್ಬರು ಮಲಗುವಷ್ಟು ಕ್ಯಾಬಿನ್, ಪುಟ್ಟ ಅಡುಗೆ ಕಟ್ಟೆ, ಕೈಪಂಪಿನ ಟಾಯ್ಲೆಟ್. ವಯಸ್ಸು ಇಪ್ಪತ್ತರ ಹತ್ತಿರ. ಮಾಲೀಕರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಸೆಕೆಂಡ್ ಹ್ಯಾಂಡ್ ತಗೊಂಡು ಕಾರವಾರದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ ಕಟ್ಟಿದ್ದರು. ನೋಡಿಕೊಳ್ಳಲು, ಓಡಿಸಲು ಅಲ್ಲಿಯವರೇ ಒಬ್ಬ ಹಿರಿಯ ತಾಂಡೇಲರು, ಅಂದರೆ ದೋಣಿ ನಡೆಸುವವರು, ಇದ್ದಾರೆ.

ನಮ್ಮದು ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಬಸ್ಸು, ಲಾರಿ, ಆಂಬುಲೆನ್ಸ್‌ಗಳಿಗೆ ವೈರಿಂಗ್ ಮಾಡುವ ಶೆಡ್ಡು. ಊರಿಗೆ ಮರಳುವ ಮೊದಲು ನಾನು ಗೋವಾದ ಬೋಟ್ ಯಾರ್ಡ್ ಒಂದರಲ್ಲಿ ಕೆಲಸ ಮಾಡಿದ್ದೆ. ಆ ಗುರುತಿನಿಂದಲೇ ಸಾವಕಾರರು ನಮ್ಮನ್ನು ಹುಡುಕಿಕೊಂಡು ಬಂದರು.

ಸಮುದ್ರದ ಬೋಟನ್ನು 160 ಕಿಲೋಮೀಟರ್ ದಾಟಿಸಿ ಹುಬ್ಬಳ್ಳಿಗೆ ಯಾಕೆ ತರಬೇಕು ಅಂತ ಹಲವರು ಕೇಳಿದರು. ಕಾರಣ ಮಳೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಎಲ್ಲ ದೋಣಿಗಳೂ ಆಗಲೇ ದಡ ಹತ್ತುತ್ತವೆ, ರಿಪೇರಿ ಜಾಗ ತುಂಬಿರುತ್ತದೆ. ಜೊತೆಗೆ ಕಾರವಾರದ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಅಂಥ ಹವೆಯಲ್ಲಿ ವೈರಿನ ಜೋಡಣೆ ಮಾಡಿದರೆ ತೇವವನ್ನು ಒಳಗೇ ಇಟ್ಟು ಮುಚ್ಚಿದ ಹಾಗೆ. ಫೈಬರ್ ಒಣಗಬೇಕು, ಹಳೇ ಉಪ್ಪು ತೊಳೆದು ಹೋಗಬೇಕು. ಅದಕ್ಕೆ ಹುಬ್ಬಳ್ಳಿಯ ಶೆಡ್ಡು ಚಲೋ ಜಾಗ. ಲೋ-ಬೆಡ್ ಟ್ರೇಲರ್ ಮೇಲೆ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಕಲಘಟಗಿ ಮಾರ್ಗವಾಗಿ ಬೋಟು ಬಂತು.

ದೂರುಗಳು ಮತ್ತು ಆಸೆಗಳು

ಸಾವಕಾರರ ದೂರು ನಾಲ್ಕು. ಬ್ಯಾಟರಿ ಇಳಿಯುತ್ತದೆ. ದೀಪ ಮಂಕಾಗಿ ಉರಿಯುತ್ತವೆ. ರೇಡಿಯೋ ಬರೀ ಬುಸುಗುಡುತ್ತದೆ. ತಳದಲ್ಲಿ ಯಾವಾಗಲೂ ನೀರು ನಿಂತಿರುತ್ತದೆ.

"ಮೇಸ್ತ್ರಿ, ಹದಿನೈದು ದಿನ ಬಿಟ್ಟು ಹೋದ್ರ ಬ್ಯಾಟರಿ ಸತ್ತಿರ್ತದ. ಮೇನ್ ಸ್ವಿಚ್ ಬಂದ್ ಮಾಡೇ ಬಂದಿರ್ತೀನಿ. ಎಲ್ಲಿಗೆ ಹೋಗ್ತದ್ರಿ ಆ ಕರೆಂಟು?"

ಆಸೆಗಳ ಪಟ್ಟಿ ಇನ್ನೂ ಉದ್ದ ಇತ್ತು. ದೊಡ್ಡ ನಕ್ಷೆಯ ಸ್ಕ್ರೀನ್, ಲಿಥಿಯಂ ಬ್ಯಾಟರಿ, ಫ್ರಿಜ್, ಇನ್ವರ್ಟರ್, ರಾತ್ರಿ ಮಲಗಲು ಏಸಿ. ಸ್ಕ್ರೀನ್ ಅಂತೂ ಆಗಲೇ ಕೊಂಡು ಡಬ್ಬಿ ಸಮೇತ ತಂದಿದ್ದರು.

"ಮೊದಲ ಇದನ್ನ ಕೂಡ್ರಸ್ರಿ. ಉಳಿದದ್ದು ಆಮ್ಯಾಲೆ ನೋಡೂಣು."

"ಸಾವಕಾರ್ರ, ಸ್ಕ್ರೀನ್ ಕೂಡ್ರಸೂದು ಅರ್ಧಾ ದಿನದ ಕೆಲಸ್ರಿ. ಅದಕ್ಕ ಕರೆಂಟ್ ಎಲ್ಲಿಂದ ಬರ್ತದ, ಆ ವೈರ್ ಎಂಥಾದು, ಬೋಟಿನ್ಯಾಗ ನೀರು ಯಾಕ ಬರಾಕತ್ತೇತಿ, ಅದನ್ನ ಮೊದಲು ನೋಡೂಣ್ರಿ."

ಅವರು ಒಪ್ಪಿದರು. ಸ್ಕ್ರೀನ್ ಡಬ್ಬಿ ಕಪಾಟು ಸೇರಿತು. ಬೋಟಿಗೆ ಹೊಸ ಸಲಕರಣೆ ಹಾಕುವುದಕ್ಕೆ ಒಂದು ಸರದಿ ಇದೆ. ಮೊದಲು ನೀರು ಒಳಗೆ ಬರಬಾರದು. ಬಂದರೆ ಹೊರಗೆ ಹೋಗಬೇಕು. ಬೆಂಕಿ ಹತ್ತಬಾರದು. ಎಂಜಿನ್ ಚಾಲೂ ಆಗಬೇಕು. ಕಷ್ಟ ಬಂದರೆ ಕೂಗು ದಡಕ್ಕೆ ಕೇಳಬೇಕು. ಸೌಕರ್ಯ ಇದೆಲ್ಲ ಆದ ಮೇಲೆ. ಈ ಸರದಿಯನ್ನು ತಿರುವುಮುರುವು ಮಾಡಿದ ಬೋಟುಗಳನ್ನು ಗೋವಾದಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಳಗೆ ಎಲ್ಲವೂ ಪಳಪಳ, ತಳದಲ್ಲಿ ಕೊಳೆತ ವೈರು.

ತಳದಲ್ಲಿ ಸಿಕ್ಕ ವೈರು

ಬಿಲ್ಜ್ ಅಂದರೆ ಬೋಟಿನ ತಳದಲ್ಲಿ ನೀರು ಬಂದು ನಿಲ್ಲುವ ಜಾಗ. ಬ್ಯಾಟರಿ ಯಾಕೆ ಇಳಿಯುತ್ತಿತ್ತು ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು. ಆದರೆ ಸುಲಭಕ್ಕೆ ಸಿಗಲಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನಡುವೆ ಮೀಟರ್ ಸೇರಿಸಿದೆವು. 0.04 ಆಂಪಿಯರ್ ತೋರಿಸಿತು. ಮ್ಯೂಸಿಕ್ ಸಿಸ್ಟಮ್‌ನ ಗಡಿಯಾರಕ್ಕೆ ಅಷ್ಟು ಬೇಕೇ ಬೇಕು. ಇಷ್ಟರಿಂದ ಹದಿನೈದು ದಿನದಲ್ಲಿ 100 ಆಂಪಿಯರ್-ಅವರ್ ಬ್ಯಾಟರಿ ಖಾಲಿಯಾಗುವುದಿಲ್ಲ.

ಶೆಡ್ಡಿನ ಹುಡುಗ ಒಂದು ಮಾತು ಹೇಳಿದ: "ಕಾಕಾ, ಅಲ್ಲಿ ತಳದಾಗ ನೀರಿರ್ತಿತ್ತು. ಇಲ್ಲಿ ಒಣಗೇತಲ್ಲ?"

ಸರಿಯಾದ ಮಾತು. ಒಂದು ಬಕೆಟ್ ನೀರಿಗೆ ಎರಡು ಹಿಡಿ ಅಡುಗೆ ಉಪ್ಪು ಕದಡಿ ಬಿಲ್ಜಿಗೆ ಸುರಿದೆವು. ನೀರು ಎಂಜಿನ್ನಿನ ಕೆಳಗೆ ಹರಡುತ್ತಿದ್ದ ಹಾಗೆ ಮೀಟರ್ ಏರಿತು. 0.1, 0.25, ಆಮೇಲೆ 0.4ಕ್ಕೆ ನಿಂತಿತು. ಬಟ್ಟೆಯಿಂದ ನೀರು ಹೀರಿದರೆ ಇಳಿಯಿತು. ಮತ್ತೆ ಸುರಿದರೆ ಏರಿತು. 0.4 ಅಂದರೆ ದಿನಕ್ಕೆ ಸುಮಾರು 10 ಆಂಪಿಯರ್-ಅವರ್. ಹತ್ತು ಹನ್ನೆರಡು ದಿನದಲ್ಲಿ ಬ್ಯಾಟರಿ ಬರಿದು.

ಎಂಜಿನ್ನಿನ ಕೆಳಗೆ ಕೈ ಹಾಕಿ ತಡಕಾಡಿದಾಗ ಒಂದು ಕೆಂಪು ವೈರಿನ ತುದಿ ಸಿಕ್ಕಿತು. ಹಿಂದೆ ಯಾವಾಗಲೋ ಅಲ್ಲೊಂದು ಪಂಪು ಇದ್ದಿರಬೇಕು. ಪಂಪು ತೆಗೆದವರು ವೈರನ್ನು ಅಲ್ಲೇ ಕತ್ತರಿಸಿ, ಟೇಪು ಸುತ್ತಿ, ಬಿಟ್ಟು ಹೋಗಿದ್ದರು. ಅದರ ಇನ್ನೊಂದು ತುದಿ ನೇರ ಬ್ಯಾಟರಿಯ ಪಾಸಿಟಿವ್‌ಗೆ ಬಿಗಿದಿತ್ತು. ಮೇನ್ ಸ್ವಿಚ್ಚನ್ನು ಹಾಯದೆ, ಫ್ಯೂಸೂ ಇಲ್ಲದೆ. ಟೇಪು ಎಂದೋ ಬಿಚ್ಚಿಕೊಂಡಿತ್ತು. ತಾಮ್ರದ ತುದಿ ತಿಂದುಹೋಗಿ ಹಸಿರು ಗಂಟಾಗಿ ಉಳಿದಿತ್ತು.

ಲಾರಿಯಲ್ಲಿ ಇಂಥದ್ದು ನಡೆದರೆ ಬ್ಯಾಟರಿ ಇಳಿಯುತ್ತದೆ, ಅಷ್ಟೇ. ಬೋಟಿನಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪಾಸಿಟಿವ್ ತುದಿ ಉಪ್ಪುನೀರಿಗೆ ತಾಗಿದರೆ ಕರೆಂಟು ನೀರಿನ ಮೂಲಕ ಹತ್ತಿರದ ಲೋಹಕ್ಕೆ ಹತ್ತುತ್ತದೆ. ಅಲ್ಲಿಂದ ಹೊರಗಿನ ಸಮುದ್ರದ ನೀರಿಗೆ ಇಳಿದು, ಪ್ರೊಪೆಲರ್ ಶಾಫ್ಟ್ ಮೂಲಕ ಎಂಜಿನ್ನಿಗೆ, ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರುತ್ತದೆ. ಕರೆಂಟು ಲೋಹದಿಂದ ನೀರಿಗೆ ಇಳಿಯುವ ಜಾಗದಲ್ಲಿ ಲೋಹ ಕರಗುತ್ತದೆ. ಎರಡು ಲೋಹಗಳ ನಡುವಿನ ಮಾಮೂಲಿ ಸವೆತಕ್ಕೆ ವರ್ಷಗಳು ಬೇಕು. ಹೀಗೆ ಸೋರುವ ಕರೆಂಟಿಗೆ ಕೆಲವು ವಾರ ಸಾಕು. ಹಾಗಾಗಿ ಆ ವೈರು ಸಿಕ್ಕ ಕೂಡಲೇ ನಮ್ಮ ಕಣ್ಣು ಅದರ ಪಕ್ಕದ ವಾಲ್ವಿನ ಮೇಲೆ ಹೋಯಿತು.

ಹಿತ್ತಾಳೆ ವಾಲ್ವು

ಎಂಜಿನ್ ತಂಪಾಗಿಸುವ ನೀರು ಬೋಟಿನ ತಳದ ತೂತಿನಿಂದ ಒಳಗೆ ಬರುತ್ತದೆ. ಆ ತೂತಿಗೆ ಒಂದು ವಾಲ್ವು ಇರುತ್ತದೆ. ಇಲ್ಲಿ ಇದ್ದದ್ದು ಮನೆ ನಲ್ಲಿಗೆ ಹಾಕುವ ಒಂದೂವರೆ ಇಂಚಿನ ಹಿತ್ತಾಳೆ ಗೇಟ್ ವಾಲ್ವು. ಹಾರ್ಡ್‌ವೇರ್ ಅಂಗಡಿಯ ಮಾಲು. ನೋಡಲು ಗಟ್ಟಿಮುಟ್ಟು. ಚಾಕುವಿನ ತುದಿಯಿಂದ ಮೇಲಿನ ಹಸಿರು ಕೆರೆದೆವು. ಒಳಗಿಂದ ಹಳದಿ ಬರಬೇಕಿತ್ತು. ಬಂದದ್ದು ನಸುಗೆಂಪು.

ಹಿತ್ತಾಳೆಯಲ್ಲಿ ತಾಮ್ರ ಮತ್ತು ಸತು ಇರುತ್ತವೆ. ಉಪ್ಪುನೀರು ಅದರೊಳಗಿನ ಸತುವನ್ನು ಹೀರಿಬಿಡುತ್ತದೆ. ಉಳಿಯುವುದು ತೂತುತೂತಾದ ತಾಮ್ರ. ಆಕಾರ ಹಾಗೇ ಇರುತ್ತದೆ, ಅಳತೆ ಹಾಗೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಹುಡುಗ ಪೈಪ್ ಪಾನಾ ಹಚ್ಚಿ ಸ್ವಲ್ಪ ಒತ್ತಿದ. ವಾಲ್ವಿನ ಕುತ್ತಿಗೆ ಬೆಲ್ಲದ ಅಚ್ಚಿನ ಹಾಗೆ ಪುಡಿಯಾಗಿ ಕೈಗೆ ಬಂತು.

ಸಾವಕಾರರು ಅಲ್ಲೇ ನಿಂತಿದ್ದರು. "ಇದು ಸಮುದ್ರದಾಗ ಆಗಿದ್ರ?" ಅಂದರು.

ಅದರ ಲೆಕ್ಕ ಅಲ್ಲೇ ಹಾಕಿದೆವು. ನೀರಿನ ಮಟ್ಟದಿಂದ ಒಂದಡಿ ಕೆಳಗೆ ಒಂದೂವರೆ ಇಂಚಿನ ತೂತು ಬಾಯಿ ಬಿಟ್ಟರೆ ಗಂಟೆಗೆ ಸುಮಾರು 6,000 ಲೀಟರ್ ನೀರು ಒಳಗೆ ನುಗ್ಗುತ್ತದೆ. ಬೋಟಿನಲ್ಲಿದ್ದ ಪಂಪಿನ ಮೇಲೆ ಬರೆದದ್ದು ಗಂಟೆಗೆ 1,100 ಗ್ಯಾಲನ್, ಅಂದರೆ ಸುಮಾರು 4,160 ಲೀಟರ್. ಅದೂ ನೀರನ್ನು ಮೇಲಕ್ಕೆ ಎತ್ತದೆ ಇದ್ದಲ್ಲೇ ಹರಿಸಿದರೆ ಬರುವ ಲೆಕ್ಕ. ಪಂಪು ಗೆಲ್ಲುವ ಪಂದ್ಯ ಅಲ್ಲ ಇದು. ಅದಕ್ಕೇ ವಾಲ್ವು ಮೊದಲು, ಪಂಪು ಆಮೇಲೆ.

ನೀರಿನ ಮಟ್ಟದ ಕೆಳಗಿದ್ದ ಎಲ್ಲ ವಾಲ್ವುಗಳನ್ನೂ ತೆಗೆಸಿದೆವು. ಕಂಚಿನ ಬಾಲ್ ವಾಲ್ವುಗಳನ್ನು ಕೊಚ್ಚಿಯಿಂದ ತರಿಸಿ ಹಾಕಿದೆವು. ಕಂಚಿನಲ್ಲಿ ತಾಮ್ರದ ಜೊತೆ ತವರ ಇರುತ್ತದೆ, ಉಪ್ಪುನೀರಿಗೆ ಅದು ತಾಳುತ್ತದೆ. ಬಾಲ್ ವಾಲ್ವಿನ ಇನ್ನೊಂದು ಗುಣ, ಹಿಡಿಕೆ ನೋಡಿದರೇ ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗುತ್ತದೆ. ಪ್ರತಿ ವಾಲ್ವಿನ ಪಕ್ಕ ದಾರ ಕಟ್ಟಿ ಒಂದು ಮರದ ಬೆಣೆ ತೂಗುಹಾಕಿದೆವು. ಪೈಪು ಕಿತ್ತುಬಂದರೆ ಬಡಿದು ಮುಚ್ಚಲು. ಈ ಬೆಣೆಗಳನ್ನು ನೋಡಿ ತಾಂಡೇಲರಿಗೆ ಭಾಳ ಸಮಾಧಾನ ಆಯಿತು.

ತಳಕ್ಕೆ ಹಚ್ಚಿದ್ದ ಸತುವಿನ ಬಿಲ್ಲೆಗಳನ್ನೂ ಬದಲಾಯಿಸಿದೆವು. ಪ್ರೊಪೆಲರ್, ಶಾಫ್ಟ್ ಸವೆಯದಿರಲಿ ಅಂತ ತಾನು ಮೊದಲು ಕರಗುವ ಲೋಹ ಅದು. ಶುದ್ಧ ಸಮುದ್ರದಲ್ಲಿ ಸತು ಸರಿ. ಆದರೆ ಈ ಬೋಟು ಇರುವುದು ಕಾಳಿಯ ಬಾಯಲ್ಲಿ. ಭರತಕ್ಕೆ ಉಪ್ಪುನೀರು, ಇಳಿತಕ್ಕೆ ಸಿಹಿನೀರು, ಮಳೆಗಾಲದಲ್ಲಿ ಹೆಚ್ಚೂಕಮ್ಮಿ ನದಿಯೇ. ಅಂಥ ಬೆರಕೆ ನೀರಿನಲ್ಲಿ ಸತುವಿನ ಮೇಲೆ ಬಿಳಿ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಇಲ್ಲೂ ಹಾಗೇ ಆಗಿತ್ತು. ಬಿಲ್ಲೆ ಕರಗದೆ ಪೂರ್ತಿ ಉಳಿದಿತ್ತು. ಬಿಲ್ಲೆ ಸವೆದಿಲ್ಲ ಅಂತ ಖುಷಿಪಡುವ ಹಾಗಿಲ್ಲ, ಆಗ ಬೇರೆ ಏನೋ ಸವೆಯುತ್ತಿರುತ್ತದೆ. ಅಲ್ಯೂಮಿನಿಯಂ ಬಿಲ್ಲೆ ಹಾಕಿದೆವು. ಅದು ಉಪ್ಪುನೀರಿಗೂ ಬೆರಕೆ ನೀರಿಗೂ ಆಗುತ್ತದೆ.

ವೈರು ಪೂರ್ತಿ ಹೊಸದು

ಇಡೀ ವೈರಿಂಗ್ ಬಸ್ಸಿನ ಪದ್ಧತಿಯಲ್ಲಿತ್ತು. ಬಸ್ಸಿಗೆ ಪಾಸಿಟಿವ್ ವೈರು ಒಂದೇ ಎಳೆಯುತ್ತೇವೆ, ನೆಗೆಟಿವ್‌ಗೆ ಬಾಡಿಯೇ ಇದೆ. ಫೈಬರ್ ಬೋಟಿಗೆ ಅಂಥ ಬಾಡಿ ಇಲ್ಲ. ಪ್ರತಿ ಸಲಕರಣೆಗೂ ಎರಡು ವೈರು ಬೇಕು, ನೆಗೆಟಿವ್ ಎಲ್ಲವೂ ಒಂದೇ ತಾಮ್ರದ ಪಟ್ಟಿಗೆ ಬಂದು ಸೇರಬೇಕು. ಇಲ್ಲಿ ಹಿಂದಿನವರು ಸಿಕ್ಕಸಿಕ್ಕ ನೆಗೆಟಿವ್‌ಗಳನ್ನು ಎಂಜಿನ್ನಿನ ಬೋಲ್ಟುಗಳಿಗೆ ಬಿಗಿದಿದ್ದರು.

ತಾಮ್ರದ ಸ್ಥಿತಿ ನೋಡಲು ಒಂದು ವೈರಿನ ತುದಿ ಸುಲಿದೆವು. ಕಪ್ಪು. ಒಂದು ಗೇಣು ಹಿಂದಕ್ಕೆ ಸುಲಿದೆವು. ಅಲ್ಲೂ ಕಪ್ಪು. ತುದಿಯಲ್ಲಿ ಸೇರಿದ ಉಪ್ಪಿನ ತೇವ ಎಳೆಗಳ ನಡುವೆ ಏರಿಕೊಂಡು ಹೋಗುತ್ತದೆ, ಹೊರಗಿನ ಪಿವಿಸಿ ಮಾತ್ರ ಹೊಸದರ ಹಾಗೆ ಕಾಣುತ್ತದೆ. ಅದಕ್ಕೇ ಬೋಟಿಗೆ ಪ್ರತಿ ಎಳೆಗೂ ತವರ ಬಳಿದ ತಾಮ್ರದ ವೈರು ಬೇಕು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಬೇಕಾದ ಅಳತೆಗಳಲ್ಲಿ ಸಿಗಲಿಲ್ಲ, ಅದನ್ನೂ ಕೊಚ್ಚಿಯಿಂದಲೇ ತರಿಸಿದೆವು. ವೈರಿನ ತುದಿಗೆ ಒತ್ತಿ ಕೂರಿಸುವ ಲಗ್ಗುಗಳೂ ತವರ ಬಳಿದವು. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ಬಿಸಿ ಮಾಡಿದಾಗ ಅಂಟು ಕರಗಿ ಬಾಯಿ ಮುಚ್ಚುತ್ತದೆ. ತಿರುಚಿ ಟೇಪು ಸುತ್ತಿದ ಜೋಡಣೆ ಒಂದನ್ನೂ ಉಳಿಸಲಿಲ್ಲ.

ವೈರಿನ ದಪ್ಪದ ವಿಷಯದಲ್ಲಿ ಅಮೆರಿಕದ ಎಬಿವೈಸಿ ಸಂಸ್ಥೆಯ ಬೋಟ್ ನಿಯಮವನ್ನು ಹಿಡಿದೆವು. ಜೀವಕ್ಕೆ ಬೇಕಾದ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಶೇ. 3ಕ್ಕಿಂತ ಜಾಸ್ತಿ ಬೀಳಬಾರದು, ಉಳಿದವುಗಳಲ್ಲಿ ಶೇ. 10ರವರೆಗೆ ನಡೆಯುತ್ತದೆ. ಬಿಲ್ಜ್ ಪಂಪಿನ ಲೆಕ್ಕ ನೋಡಿ. ಪಂಪು ಎಳೆಯುವುದು ಸುಮಾರು 4 ಆಂಪಿಯರ್. ಬ್ಯಾಟರಿಯಿಂದ ದೂರ 7 ಮೀಟರ್, ಹೋಗಿಬರಲು 14. ಹಳೆಯ 1.5 ಚದರ ಮಿಮೀ ವೈರಿನಲ್ಲಿ ಹೊಸದಿದ್ದಾಗಲೇ ಮುಕ್ಕಾಲು ವೋಲ್ಟ್ ಬೀಳುತ್ತಿತ್ತು. ಕೊಳೆತ ಜೋಡಣೆ ಸೇರಿ ಅದು ಎರಡು ವೋಲ್ಟಿನ ಹತ್ತಿರ ಹೋಗಿತ್ತು. 4 ಚದರ ಮಿಮೀ ವೈರು ಹಾಕಿದರೆ ಬೀಳುವುದು 0.28 ವೋಲ್ಟ್, ಶೇ. 3ರ ಒಳಗೇ.

ಕಾಗದದ ಲೆಕ್ಕ ಸಾವಕಾರರಿಗೆ ಹಿಡಿಸಲಿಲ್ಲ. ಹಾಗಾಗಿ 20 ಲೀಟರ್ ಬಕೆಟ್ ಇಟ್ಟು ತೋರಿಸಿದೆವು. ಹಳೇ ವೈರು, ಹಳೇ ಸುಕ್ಕುಸುಕ್ಕಿನ ಪೈಪು: ಬಕೆಟ್ ತುಂಬಲು 44 ಸೆಕೆಂಡ್. ಹೊಸ ವೈರು, ಒಳಗೆ ನುಣುಪಾದ ಪೈಪು: 26 ಸೆಕೆಂಡ್. ಪಂಪು ಅದೇ, ಬ್ಯಾಟರಿ ಅದೇ. ಅವರು ಎರಡು ಸಲ ಮಾಡಿಸಿ ನೋಡಿದರು. ಆಮೇಲೆ ವೈರಿನ ಖರ್ಚಿನ ಬಗ್ಗೆ ಮಾತು ಬರಲಿಲ್ಲ.

ಪಂಪಿನ ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಅದು ಮೇನ್ ಸ್ವಿಚ್ಚಿನ ಈಚೆ ಇತ್ತು. ಸಾವಕಾರರು ಜವಾಬ್ದಾರಿಯಿಂದ ಸ್ವಿಚ್ ಆಫ್ ಮಾಡಿ ಊರಿಗೆ ಹೋದರೆ ಪಂಪಿಗೂ ಕರೆಂಟಿಲ್ಲ. ಬೋಟಿನಲ್ಲಿ ಯಾರೂ ಇಲ್ಲದಾಗಲೇ ತಾನೇ ಪಂಪು ಎಚ್ಚರ ಇರಬೇಕಾದದ್ದು? ಈಗ ಅದು ನೀರು ಏರಿದರೆ ತಾನೇ ಚಾಲೂ ಆಗುವ ಫ್ಲೋಟ್ ಸ್ವಿಚ್ಚಿನ ಜೊತೆ, ತನ್ನದೇ ಫ್ಯೂಸ್ ಮೂಲಕ, ನೇರ ಬ್ಯಾಟರಿಗೆ ಸೇರಿದೆ. ಅದರ ಮೇಲಿನ ಮಟ್ಟದಲ್ಲಿ ಎರಡನೇ ಪಂಪು, ಅದಕ್ಕೊಂದು ಸೈರನ್. ಜೋಡಣೆಗಳೆಲ್ಲ ಬಿಲ್ಜಿನಿಂದ ಎರಡಡಿ ಮೇಲೆ.

ಬ್ಯಾಟರಿ ಮತ್ತು ಏಸಿಯ ಆಸೆ

ಬ್ಯಾಟರಿ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ದಿನದ ಖರ್ಚು ಹೇಳುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಓಡುವಾಗ 4 ಆಂಪಿಯರ್. ಕಾರವಾರದ ಸೆಖೆಯಲ್ಲಿ ದಿನದ ಅರ್ಧಕ್ಕಿಂತ ಜಾಸ್ತಿ ಓಡುತ್ತದೆ ಅಂತ ಹಿಡಿದು 58 ಆಂಪಿಯರ್-ಅವರ್ ಇಟ್ಟೆವು. ಸ್ಕ್ರೀನಿಗೆ 12, ಫ್ಯಾನಿಗೆ 8, ಉಳಿದ ದೀಪ, ರೇಡಿಯೋ, ಪಂಪು, ಫೋನು ಎಲ್ಲ ಸೇರಿ ಸುಮಾರು 24. ಒಟ್ಟು ನೂರಾ ಎರಡು. ಏಸಿ ಸೇರಿಸಿದರೆ? ಚಿಕ್ಕ ಏಸಿಗೂ 500 ವಾಟ್ ಬೇಕು. ಇನ್ವರ್ಟರಿನ ನಷ್ಟ ಸೇರಿ ಬ್ಯಾಟರಿಯಿಂದ 43 ಆಂಪಿಯರ್. ಒಂದು ರಾತ್ರಿಗೆ ಬೋಟಿನ ಮೂರು ದಿನದ ಕರೆಂಟು. ಜನರೇಟರ್ ಇಲ್ಲದೆ ಆಗದ ಕೆಲಸ, ಮತ್ತೆ ಜನರೇಟರಿನ ಹೊಗೆ ಮಲಗುವ ಕ್ಯಾಬಿನ್ನಿನ ಹತ್ತಿರ. ನಾನು ಬೇಡ ಅಂದೆ. ಎರಡು ಒಳ್ಳೆ ಫ್ಯಾನು, ಮೇಲೊಂದು ಗಾಳಿಕಿಂಡಿ ಮಾಡಿಕೊಟ್ಟೆವು.

ಲಿಥಿಯಂ ಹಾಕುವುದಕ್ಕೆ ನನ್ನ ಒಪ್ಪಿಗೆ ಇತ್ತು. ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್, 200 ಆಂಪಿಯರ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ. ಇದನ್ನು ಐದರಲ್ಲಿ ನಾಲ್ಕು ಭಾಗ ಆರಾಮಾಗಿ ಬಳಸಬಹುದು. ಆದರೆ ಸೀಸದ್ದು ತೆಗೆದು ಅದೇ ಜಾಗಕ್ಕೆ ಲಿಥಿಯಂ ಇಡುವುದು ಮಾತ್ರ ತಪ್ಪು. ಲಿಥಿಯಂ ಕೊಟ್ಟಷ್ಟೂ ಕರೆಂಟು ನುಂಗುತ್ತದೆ. 60 ಆಂಪಿಯರಿನ ಡೈನಮೋ ಉಸಿರುಗಟ್ಟಿ ಓಡಿ ಸುಟ್ಟುಹೋಗುತ್ತದೆ. ಇನ್ನೊಂದು ಅಪಾಯ, ತುಂಬಿದಾಗ ಅಥವಾ ಬಿಸಿಯಾದಾಗ ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ತಟಕ್ಕನೆ ಸಂಪರ್ಕ ಕತ್ತರಿಸುತ್ತದೆ. ಆಗ ಡೈನಮೋದಲ್ಲಿ ವೋಲ್ಟೇಜ್ ಜಿಗಿದು ಡಯೋಡ್ ಹೋಗುತ್ತವೆ.

ಹಾಗಾಗಿ ಸೆಲ್ಫ್ ಹೊಡೆಯುವ ಬ್ಯಾಟರಿ ಸೀಸದ್ದೇ ಉಳಿಯಿತು. ಡೈನಮೋ ಅದಕ್ಕೆ ಮಾತ್ರ ನೇರ ಸೇರಿದೆ. ಅಲ್ಲಿಂದ, ಕರೆಂಟನ್ನು ಮಿತಿಯಲ್ಲಿಡುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಮೂಲಕ ಲಿಥಿಯಂಗೆ ಹೋಗುತ್ತದೆ. ಕ್ಯಾಬಿನ್ ಮೇಲೆ 100 ವಾಟಿನ ಎರಡು ಸೋಲಾರ್ ಹಲಗೆ, ಬಿಸಿಲಿದ್ದ ದಿನ ಅರ್ಧ ಖರ್ಚು ಅವೇ ತೂಗಿಸುತ್ತವೆ. ಲಿಥಿಯಂ ಬ್ಯಾಟರಿ ಎಂಜಿನ್ ಕೋಣೆಯ ಬಿಸಿಯಿಂದ ದೂರ, ಮಲಗುವ ಹಲಗೆಯ ಕೆಳಗೆ ಇದೆ. ಅದರ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಕ್ಲಾಸ್ ಟಿ ಫ್ಯೂಸ್. ಲಿಥಿಯಂ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಕಾರಿನ ಫ್ಯೂಸ್ ಉರಿದರೂ ಒಳಗೆ ಕಿಡಿ ಸೇತುವೆಯಂತೆ ನಿಂತು ಕರೆಂಟು ಹರಿಯುತ್ತಲೇ ಇರಬಹುದು. ಕ್ಲಾಸ್ ಟಿ 20,000 ಆಂಪಿಯರ್‌ವರೆಗೆ ಕತ್ತರಿಸುತ್ತದೆ. ಇದರ ಬೆಲೆ ನೋಡಿ ಕೆಲವರು ಬಿಟ್ಟುಬಿಡುತ್ತಾರೆ. ಬಿಡಬೇಡಿ.

ಅಡುಗೆ ಕಟ್ಟೆಯ ಕೆಳಗೆ ಒಂದು ಗ್ಯಾಸ್ ಸಿಲಿಂಡರ್ ಇತ್ತು. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೋಗುವುದಿಲ್ಲ, ತಳಕ್ಕಿಳಿದು ಬಿಲ್ಜಿನಲ್ಲಿ ಕೂರುತ್ತದೆ. ಅಲ್ಲಿ ಒಂದು ಕಿಡಿ ಸಾಕು. ಹೊರಗೆ ಗಾಳಿ ಹರಿಯುವ ಪೆಟ್ಟಿಗೆ ಮಾಡಿ, ಅದರ ತಳದಿಂದ ಬೋಟಿನಾಚೆಗೆ ಕೊಳವೆ ಬಿಡಬಹುದಿತ್ತು. ಸಾವಕಾರರ ಮನೆಯವರು ಸುಲಭ ಮಾಡಿದರು: "ಒಂದೆರಡು ದಿನಕ್ಕ ಒಲಿ ಯಾಕ ಬೇಕ್ರಿ? ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿದ್ರ ಆತು." ಸಿಲಿಂಡರ್ ಇಳಿಯಿತು.

ದೀಪ, ರೇಡಿಯೋ, ಕೊನೆಗೆ ಸ್ಕ್ರೀನು

ರೇಡಿಯೋ ಬುಸುಗುಡಲು ಎರಡು ಕಾರಣ ಇದ್ದವು. ಒಂದು, ಆಂಟೆನಾ ಕೇಬಲ್ಲನ್ನು ನಡುವೆ ಕತ್ತರಿಸಿ ಮಾಮೂಲಿ ವೈರಿನ ಹಾಗೆ ತಿರುಚಿ ಸೇರಿಸಿದ್ದರು. ಇಡೀ ಕೇಬಲ್ ಬದಲಾಯಿಸಿದೆವು, ನಡುವೆ ಜೋಡಣೆ ಇಲ್ಲದೆ. ಇನ್ನೊಂದು ಕಾರಣ ಸಿಕ್ಕಿದ್ದು ಆಕಸ್ಮಿಕ. ಹೊಸ ರೇಡಿಯೋ ಹಾಕಿ, ತುರ್ತು ಕರೆಯ ಚಾನೆಲ್ 16ರಲ್ಲಿಟ್ಟು, ಸದ್ದು ನಿಲ್ಲುವವರೆಗೆ ಸ್ಕ್ವೆಲ್ಚ್ ಎಂಬ ಬುಸುಗುಡುವಿಕೆ ತಡೆಯುವ ಗುಂಡಿ ತಿರುಗಿಸಿ ಬಿಟ್ಟಿದ್ದೆವು. ಹುಡುಗ ಮುಂದಿನ ದೀಪ ಹಾಕಿದ. ರೇಡಿಯೋ ಬುಸ್ ಅಂತು. ಆರಿಸಿದ, ಸುಮ್ಮನಾಯಿತು. ದೀಪದೊಳಗಿನ ಎಲ್‌ಇಡಿ ಲಾರಿಗೆ ಹಾಕುವ ಅಗ್ಗದ ಬಲ್ಬು. ಅದರ ಡ್ರೈವರ್ ಸರ್ಕ್ಯೂಟ್ ರೇಡಿಯೋದ ಅಲೆಯಲ್ಲೇ ಗದ್ದಲ ಎಬ್ಬಿಸುತ್ತಿತ್ತು. ರಾತ್ರಿ ದೀಪ ಹಾಕಿಕೊಂಡು ಹೋಗುವಾಗಲೇ ರೇಡಿಯೋ ಕಿವುಡಾಗುವುದು, ಇದಕ್ಕಿಂತ ಕೆಟ್ಟ ಜೋಡಿ ಯಾವುದಿದೆ? ಯಾವ ಬೋಟಿನವರೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಒಂದೊಂದೇ ದೀಪ, ಚಾರ್ಜರ್, ಪಂಪು ಚಾಲೂ ಮಾಡಿ ರೇಡಿಯೋಕ್ಕೆ ಕಿವಿಕೊಡಿ.

ಆ ದೀಪಗಳಿಗೆ ಇನ್ನೊಂದು ದೋಷವೂ ಇತ್ತು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಪ್ರತಿಯೊಂದೂ ನೇರ ಮುಂದಿನಿಂದ ಪಕ್ಕಕ್ಕೆ 112.5 ಡಿಗ್ರಿ ಕಾಣಬೇಕು, ಹಿಂದಿನ ಬಿಳಿ ದೀಪ 135 ಡಿಗ್ರಿ. ಎದುರಿನ ಹಡಗು ಇದನ್ನು ನೋಡಿಯೇ ನಾವು ಯಾವ ಕಡೆ ಹೊರಟಿದ್ದೇವೆ ಅಂತ ತಿಳಿಯುವುದು. ಹಳೇ ಗೂಡಿಗೆ ಬೇರೆ ಬಲ್ಬು ತುರುಕಿದರೆ ಬೆಳಕು ಕೋನ ತಪ್ಪುತ್ತದೆ. ಗೂಡು ಸಮೇತ ಹೊಸ, ಪ್ರಮಾಣಪತ್ರ ಇರುವ ದೀಪ ಹಾಕಿದೆವು.

ಹೊಸ ವಿಎಚ್‌ಎಫ್ ರೇಡಿಯೋ 25 ವಾಟಿನದು. ಕೆಂಪು ಮುಚ್ಚಳದ ಕೆಳಗೆ ತುರ್ತು ಗುಂಡಿ ಇದೆ. ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ಬೋಟಿನ ಗುರುತು ಮತ್ತು ಇರುವ ಜಾಗ ತಾನಾಗಿ ಹೋಗುತ್ತದೆ. ಆದರೆ ಗುರುತಿನ ಸಂಖ್ಯೆ ತುಂಬಿಸದಿದ್ದರೆ, ಜಿಪಿಎಸ್ ಸೇರಿಸದಿದ್ದರೆ ಆ ಗುಂಡಿ ಇದ್ದೂ ಇಲ್ಲದ ಹಾಗೆ. ನಮ್ಮ ದೇಶದ ಬೋಟುಗಳ ಒಂಬತ್ತಂಕಿಯ ಸಂಖ್ಯೆ 419ರಿಂದ ಶುರುವಾಗುತ್ತದೆ. ಅದಕ್ಕೂ ರೇಡಿಯೋ ಲೈಸೆನ್ಸಿಗೂ ಸಾವಕಾರರ ಹೆಸರಿನಲ್ಲಿ ಅರ್ಜಿ ಹಾಕಿಸಿದೆವು. ಮೊಬೈಲ್ ಸಿಗ್ನಲ್ ಇರುವ ಕಡೆಗೆ ಅಂತ ಕೋಸ್ಟ್ ಗಾರ್ಡಿನ 1554 ಸಂಖ್ಯೆಯನ್ನು ದೊಡ್ಡದಾಗಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿದ್ದೇವೆ.

ಇಷ್ಟಾದ ಮೇಲೆ ಕಪಾಟಿನಿಂದ ಸ್ಕ್ರೀನ್ ಇಳಿಯಿತು. ಹೇಳಿದ ಹಾಗೆ ಅರ್ಧ ದಿನದ ಕೆಲಸವೇ. ಸ್ಕ್ರೀನ್, ಜಿಪಿಎಸ್, ರೇಡಿಯೋ, ಆಳ ಅಳೆಯುವ ಸೆನ್ಸರ್ ಎಲ್ಲವೂ ಎನ್‌ಎಂಇಎ 2000 ಎಂಬ ಒಂದೇ ಕೇಬಲ್ ಸಾಲಿಗೆ ಸೇರುತ್ತವೆ. ಸಾಲಿನ ಎರಡೂ ತುದಿಗೆ 120 ಓಮಿನ ಒಂದೊಂದು ಬಿರಡೆ. ಕರೆಂಟ್ ಕೊಡುವ ಮೊದಲು ಎರಡು ಸಿಗ್ನಲ್ ವೈರುಗಳ ನಡುವೆ ಮೀಟರ್ ಹಿಡಿದರೆ 60 ಬರಬೇಕು. 120 ಬಂದರೆ ಒಂದು ಬಿರಡೆ ಇಲ್ಲ, 40 ಬಂದರೆ ಒಂದು ಜಾಸ್ತಿ ಇದೆ ಅಂತ. ನಮ್ಮದು 60 ತೋರಿಸಿತು, ಮೊದಲ ಸಲಕ್ಕೇ ಎಲ್ಲವೂ ಒಂದನ್ನೊಂದು ಗುರುತಿಸಿದವು. ಫ್ರಿಜ್ಜು, ನೀರಿನ ಚಿಕ್ಕ ಪಂಪು, ಚಾರ್ಜಿಂಗ್ ಸಾಕೆಟ್ ಇವೆಲ್ಲ ತಕರಾರಿಲ್ಲದೆ ಮುಗಿದವು.

ಸ್ವಿಚ್ಚುಗಳ ಹೆಸರನ್ನು ಕನ್ನಡದಲ್ಲೇ ಬರೆಸಿದೆವು. ತಾಂಡೇಲರ ಬೇಡಿಕೆ ಅದು. ರಾತ್ರಿ, ಗಾಬರಿಯಲ್ಲಿ, ಓದಿ ಒತ್ತಬೇಕಾದವರು ಅವರೇ ಅಲ್ವಾ?

ನೀರಿಗಿಳಿದ ಮೇಲೆ

ಮಳೆ ನಿಂತ ಮೇಲೆ ಬೋಟು ಕಾರವಾರಕ್ಕೆ ವಾಪಸ್ ಹೋಗಿ ನೀರಿಗಿಳಿಯಿತು. ಕ್ರೇನಿನ ಪಟ್ಟಿ ಬಿಚ್ಚುವ ಮೊದಲು ತಾಂಡೇಲರು ಪ್ರತಿ ವಾಲ್ವಿನ ಬುಡಕ್ಕೆ ಕೈ ಹಚ್ಚಿ ನೋಡಿದರು. ಶಾಫ್ಟ್ ಹೊರಹೋಗುವ ಕಡೆ ನೀರು ತಡೆಯುವ ಗ್ಲ್ಯಾಂಡ್ ಹನಿ ಹಾಕುತ್ತಿತ್ತು, ನಟ್ಟು ಸ್ವಲ್ಪ ಬಿಗಿದ ಮೇಲೆ ಸರಿಹೋಯಿತು. ಓಡುವಾಗ ಅಲ್ಲಿ ಒಂದೊಂದು ಹನಿ ಬೀಳಲೇಬೇಕು, ಪೂರ್ತಿ ಒಣಗಿದರೆ ಶಾಫ್ಟ್ ಬಿಸಿಯಾಗುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ಸೋರುವ ಕರೆಂಟು ಮತ್ತೆ ಅಳೆದೆವು. ಬಿಲ್ಜಿನಲ್ಲಿ ನೀರು ಇದ್ದಾಗಲೂ 0.05ರ ಒಳಗೇ ಇತ್ತು. ಹದಿನೈದು ದಿನ ಬಿಟ್ಟು ಹೋದ ಸಾವಕಾರರು ಬೋಟಿನಿಂದಲೇ ಫೋನ್ ಮಾಡಿದರು: "ಮೇಸ್ತ್ರಿ, ಒಂದ ಸೆಲ್ಫಿಗೆ ಚಾಲೂ ಆತ್ರಿ."

ಎಲ್ಲವೂ ಮುಗಿದಿಲ್ಲ. ಫ್ರಿಜ್ಜಿನ ಹಿಂದೆ ಬಿಸಿಗಾಳಿ ಹೊರಹೋಗಲು ಜಾಗ ಸಾಲದು, ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಹೊತ್ತು ಓಡುತ್ತಿದೆ. ಅಲ್ಲೊಂದು ಚಿಕ್ಕ ಫ್ಯಾನ್ ಹಾಕಬೇಕು. ಡೀಸೆಲ್ ಟ್ಯಾಂಕು ಹಳೇ ಉಕ್ಕಿನದು, ಹೊರಗಿನಿಂದ ನೋಡಲು ಆಗದ ಜಾಗದಲ್ಲಿದೆ. ಅದನ್ನು ತೆಗೆಯಲು ಎಂಜಿನ್ನೇ ಎತ್ತಬೇಕು. ಮುಂದಿನ ಮಳೆಗಾಲಕ್ಕೆ ಅಂತ ಇಟ್ಟಿದ್ದೇವೆ. ಅಲ್ಲಿಯವರೆಗೆ ತಾಂಡೇಲರು ಪ್ರತಿ ವಾರ ಡೀಸೆಲ್ ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲು ನೋಡಿ, ನೀರೋ ತುಕ್ಕಿನ ಪುಡಿಯೋ ಕಂಡರೆ ನಮಗೆ ಫೋಟೋ ಕಳಿಸುತ್ತಾರೆ.